ಖಂಡ್ಯಾನಿಗೆ ನಾನು ಬರೆದ ಕಣ್ಣು

ಹೊಸದಾಗಿ ಫೋಟೋ ದಂಧೆಗೆ ಇಳಿದ ಹುಡುಗರು ಈಗಲೂ ನಮ್ಮ ಮನೆಗೆ ಬರುತ್ತಾರೆ. ಬಸವಕಲ್ಯಾಣದಲ್ಲಿ ನಾನು ಸ್ಟುಡಿಯೋ ಮುಚ್ಚಿ ಬಹಳ ವರ್ಷವಾಯಿತು. ಆದರೂ ಹಳೇ ಹುಲಿ ಎಂಬ ಹೆಸರು ಉಳಿದಿದೆ. "ಸರ್, ನಿಮ್ಮ ಅನುಭವ ಹೇಳ್ರಿ" ಎನ್ನುತ್ತಾರೆ. ನಾನು ಗಂಟಲು ಸರಿಮಾಡಿಕೊಂಡು ಬೆಳಕು, ನೆರಳು ಎಂದು ಏನೇನೋ ಶುರು ಮಾಡುತ್ತೇನೆ. ಅಷ್ಟರಲ್ಲಿ ಅಡುಗೆಮನೆಯಿಂದ ಹೆಂಡತಿ ಕೂಗುತ್ತಾಳೆ, "ರಾಜೇಶ್ವರದ ಮದುವಿ ಹೇಳ್ರಿ, ಅದನ್ನ ಯಾಕ ಬಿಡ್ತೀರಿ?" ಹುಲಿ ಅಲ್ಲಿಗೆ ಬೆಕ್ಕಾಗುತ್ತದೆ.

ಹೇಳಿಬಿಡುತ್ತೇನೆ. ರಾಜೇಶ್ವರದ ಆ ಮದುವೆಯಲ್ಲಿ ಮೂವತ್ತಾರು ಫೋಟೋ ಮುಗಿದ ಮೇಲೂ ಕ್ಯಾಮೆರಾ ಮೂವತ್ತೇಳು, ಮೂವತ್ತೆಂಟು ಎಂದು ಎಣಿಸುತ್ತಲೇ ಇತ್ತು. ಎಂಥ ಬರ್ಕತ್ತಿನ ರೋಲು ಸಿಕ್ಕಿತಪ್ಪಾ ಎಂದು ಹಿಗ್ಗಿ, ಬೀಗರ ಕಡೆಯವರನ್ನೂ ಕರೆಕರೆದು ನಿಲ್ಲಿಸಿದೆ. ಆಮೇಲೆ ತೆರೆದು ನೋಡಿದರೆ ರೋಲಿನ ತುದಿ ಕ್ಯಾಮೆರಾದೊಳಗಿನ ಚಕ್ರದ ಹಲ್ಲಿಗೆ ಸಿಕ್ಕಿಯೇ ಇರಲಿಲ್ಲ. ನಾನು ಇಡೀ ಮದುವೆಯನ್ನು ಗಾಳಿಯಲ್ಲಿ ತೆಗೆದಿದ್ದೆ. ಎಂಟು ದಿನ ಬಿಟ್ಟು ಮದುಮಕ್ಕಳಿಗೆ ಮತ್ತೆ ಬಾಸಿಂಗ ಕಟ್ಟಿಸಿ, ಒಣಗಿದ ಹಾರ ಹಾಕಿಸಿ ತೆಗೆಯಬೇಕಾಯಿತು. ಅಕ್ಷತೆಯ ಫೋಟೋದಲ್ಲೂ ಆ ಹುಡುಗಿ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಗುತ್ತಿದ್ದಾಳೆ. ನೋಡಿದವರು ಎಂಥ ಖುಷಿಯ ಮದುವೆ ಎನ್ನುತ್ತಾರೆ.

ನಾನು ಕೆಲಸ ಕಲಿತದ್ದು ಹುಮನಾಬಾದಿನಲ್ಲಿ, ರಹೀಮ್ ಉಸ್ತಾದರ ಕೈಕೆಳಗೆ. ಆಗ ಅನೇಕ ಮನೆಗಳಲ್ಲಿ ಹಿರಿಯರಿಗೆ ಬದುಕಿರುವಾಗಿನ ಒಂದು ಫೋಟೋ ಕೂಡ ಇರುತ್ತಿರಲಿಲ್ಲ. ಜೀವ ಹೋದ ಮೇಲೆ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ, ರುಮಾಲು ಸುತ್ತಿ, ವಿಭೂತಿ ಹಚ್ಚಿ, ಆಮೇಲೆ ನಮ್ಮನ್ನು ಕರೆಯುತ್ತಿದ್ದರು. ನಾವು ಫೋಟೋ ತೆಗೆದು ಪ್ರಿಂಟು ಹಾಕಿ, ಮುಚ್ಚಿದ ರೆಪ್ಪೆಯ ಮೇಲೆ ಸಣ್ಣ ಬ್ರಷ್ಷಿನಿಂದ ತೆರೆದ ಕಣ್ಣು ಬರೆದು ಕೊಡಬೇಕು. 'ಕಣ್ಣು ತೆರೆಸೋದು' ಎಂದು ಇದಕ್ಕೆ ಹೆಸರು. ಚೌಕಟ್ಟು ಹಾಕಿ ಗೋಡೆಗೆ ತೂಗುಬಿಟ್ಟರೆ ಅಜ್ಜ ಈಗ ತಾನೇ ಊಟ ಮುಗಿಸಿ ಕೂತಂತೆ ಕಾಣಬೇಕು.

ಇದರಲ್ಲಿ ಉಸ್ತಾದರನ್ನು ಮೀರಿಸುವವರು ಇರಲಿಲ್ಲ. ಅವರದೊಂದು ನಿಯಮವಿತ್ತು. "ನೋಡು ಬೇಟಾ, ಮನ್ಯಾಗ ಯಾರ ಕಣ್ಣು ಹೋಲ್ತಾವ ಅಂತ ಕೇಳು. ತಮ್ಮ ಇರ್ಲಿ, ಮಗಳು ಇರ್ಲಿ, ಅವರಿಗೆ ಎದುರಿಗೆ ಕುಂಡ್ರಿಸ್ಕೊಂಡು ಬರಿ. ಅಂದಾಜಿನ ಮ್ಯಾಲ ಬರದ್ರ ಅದು ಧೋಖಾ." ಅವರು ಒಂದು ಜೊತೆ ಕಣ್ಣಿಗಾಗಿ ಎರಡೆರಡು ಸಲ ಆ ಮನೆಗೆ ಹೋಗಿಬರುತ್ತಿದ್ದರು.

ನನಗೆ ಅಷ್ಟು ವ್ಯವಧಾನ ಎಲ್ಲಿ? ಗಿರಾಕಿಗಳು ತಲೆ ಬಾಚಿಕೊಳ್ಳಲಿ ಎಂದು ಸ್ಟುಡಿಯೋದಲ್ಲಿ ಒಂದು ಕನ್ನಡಿ ಇತ್ತು, ಸರಪಳಿ ಕಟ್ಟಿದ ಬಾಚಣಿಗೆ ಮತ್ತು ಪೌಡರ್ ಡಬ್ಬಿಯ ಪಕ್ಕದಲ್ಲಿ. ಉಸ್ತಾದರು ನಮಾಜಿಗೆ ಹೋದಾಗ ಆ ಕನ್ನಡಿ ನೋಡಿಕೊಂಡು ನನ್ನದೇ ಕಣ್ಣು ಬರೆಯುವುದನ್ನು ರೂಢಿ ಮಾಡಿದೆ. ಕ್ರಮೇಣ ಕನ್ನಡಿಯೂ ಬೇಕಿರಲಿಲ್ಲ, ಕೈಗೆ ಬಾಯಿಪಾಠವಾಗಿತ್ತು. ಗಂಡಸಿಗೂ ಅವೇ ಕಣ್ಣು, ಹೆಂಗಸಿಗೂ ಅವೇ, ಹೆಂಗಸಾದರೆ ಮೇಲೊಂದು ಕಾಡಿಗೆಯ ಗೆರೆ. ಯಾರೂ ತಕರಾರು ಮಾಡಲಿಲ್ಲ. ದುಃಖದಲ್ಲಿರುವವರು ಕಣ್ಣು ತೆರೆದಿದ್ದರೆ ಸಾಕು ಎನ್ನುತ್ತಾರೆ, ಯಾರ ಕಣ್ಣು ಎಂದು ಕೇಳುವುದಿಲ್ಲ. ನಾನೊಬ್ಬ ದೊಡ್ಡ ಕಲಾವಿದ ಎಂದು ನಂಬಿಬಿಟ್ಟೆ.

ಒಮ್ಮೆ ಎಚ್ಚರಿಕೆ ಸಿಕ್ಕಿತ್ತು. ಕೊಡಂಬಲದ ಒಬ್ಬ ಹಿರಿಯರ ಫೋಟೋಕ್ಕೆ ಎರಡೂ ಕಣ್ಣು ಫಳಫಳ ತೆರೆಸಿ ಒಯ್ದು ಕೊಟ್ಟೆ. ಮನೆಯವರೆಲ್ಲ ಮುಖ ಮುಖ ನೋಡಿಕೊಂಡರು. ಪುಣ್ಯಾತ್ಮರಿಗೆ ಚಿಕ್ಕಂದಿನಿಂದ ಇದ್ದದ್ದು ಒಂದೇ ಕಣ್ಣಂತೆ. ಅವರ ಹೆಂಡತಿ ಫೋಟೋ ತೆಗೆದುಕೊಂಡು, "ಇರ್ಲಿ ಬಿಡ್ರಿ. ಸತ್ತ ಮ್ಯಾಲಾದ್ರೂ ಎರಡು ಕಣ್ಣಿಲೆ ನನ್ನ ನೋಡ್ಲಿ" ಎಂದರು. ಅದನ್ನು ನಾನು ಹೊಗಳಿಕೆ ಎಂದೇ ಎಣಿಸಿ ಊರೆಲ್ಲ ಹೇಳಿಕೊಂಡು ತಿರುಗಿದೆ.

ತೊಂಬತ್ತರ ದಶಕದ ಮೊದಲಲ್ಲಿ, ಇನ್ನೂ ಉಸ್ತಾದರ ಬಳಿಯೇ ಇದ್ದಾಗ, ಹುಮನಾಬಾದಿನ ಒಂದು ಕಿರಾಣಿ ಅಂಗಡಿಯವರ ಮನೆಯಿಂದ ಕರೆ ಬಂತು. ಓಣಿಯವರೆಲ್ಲ ಮುತ್ಯಾ ಎಂದು ಕರೆಯುತ್ತಿದ್ದ ಯಜಮಾನರು ತೀರಿಕೊಂಡಿದ್ದರು. ಪಡಸಾಲೆಯಲ್ಲಿ ಅವರನ್ನು ಕೂರಿಸಿದ್ದರು. ಹೆಂಡತಿ ಗುರಮ್ಮ ಆಯಿ ಒಂದು ಪಕ್ಕ, ಮಗ ಶರಣಪ್ಪ ಇನ್ನೊಂದು ಪಕ್ಕ. ಕಾಲ ಬಳಿ ಒಂದು ಕಂದು ನಾಯಿ. ಅದರ ಹೆಸರು ಖಂಡ್ಯಾ. ಎರಡು ವರ್ಷದ ಹಿಂದೆ ಮುತ್ಯಾ ನಿರ್ಣಾ ಹಳ್ಳಿಗೆ ಹೋದಾಗ ಮರಿಯನ್ನು ಟಾವೆಲಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತಂದಿದ್ದರಂತೆ. ನಾನು ಹಚಾ ಎಂದು ಓಡಿಸಿದೆ. ಅದು ಒಂದು ಸುತ್ತು ಹಾಕಿ ಬಂದು ಅಲ್ಲೇ ಕೂತಿತು. ಮತ್ತೆ ಓಡಿಸಿದೆ, ಮತ್ತೆ ಬಂತು. ಮೂರನೆಯ ಸಲ ಮುತ್ಯಾನ ಮೊಣಕಾಲ ಮೇಲೆ ಗದ್ದ ಇಟ್ಟು ಕೂತುಬಿಟ್ಟಿತು. ಬೇಸತ್ತು ಹಾಗೆಯೇ ಕ್ಯಾಮೆರಾ ಒತ್ತಿದೆ, ಎದೆಯಿಂದ ಮೇಲಷ್ಟೇ ಪ್ರಿಂಟು ಹಾಕಿದರಾಯಿತು ಎಂದುಕೊಂಡು.

ಪ್ರಿಂಟಿನಲ್ಲಿ ನಾಯಿ ಹೋಯಿತು, ಆದರೆ ಕೆಳಮೂಲೆಯಲ್ಲಿ ಅದರ ಒಂದು ಕಿವಿ ಉಳಿಯಿತು. ಬ್ರಷ್ಷಿನಿಂದ ಆ ಕಿವಿಯನ್ನು ಶಾಲಿನ ಮಡಿಕೆ ಮಾಡಿದೆ. ಕಣ್ಣು ಎಂದಿನವೇ. ಆಯಿ ಫೋಟೋ ನೋಡಿ ಅತ್ತಳು, "ಜೀವ ತುಂಬಿ ತಂದಿ ತಮ್ಮಾ" ಎಂದು ನನ್ನ ತಲೆ ಸವರಿದಳು. ಶಾಲಿನ ಮಡಿಕೆ ಬಹಳ ಚೆನ್ನಾಗಿ ಬಂದಿದೆ ಎಂದು ಉಸ್ತಾದರೂ ಮೆಚ್ಚಿದರು. ಕಣ್ಣು ಮಾತ್ರ ದಿಟ್ಟಿಸಿ ನೋಡಿ, "ಇವಕ್ಕ ಎಲ್ಲೋ ನೋಡೀನಲ್ಲ" ಎಂದರು. ನಾನು ಚಹಾ ತರುತ್ತೇನೆಂದು ಹೊರಗೆ ಹೋದೆ.

ಆಮೇಲೆ ನಾನು ಬಸವಕಲ್ಯಾಣದಲ್ಲಿ ಸ್ವಂತ ಸ್ಟುಡಿಯೋ ಹಾಕಿದೆ. ಉಸ್ತಾದರು ಕೆಲ ವರ್ಷದಲ್ಲಿ ತೀರಿಕೊಂಡರು. ಬಣ್ಣದ ಕಾಲ ಬಂತು, ರೋಲುಗಳನ್ನು ಬಸ್ಸಿಗೆ ಕೊಟ್ಟು ಸೊಲ್ಲಾಪುರಕ್ಕೆ ಕಳಿಸಿ, ಪ್ರಿಂಟು ಬರುವ ತನಕ ಗಿರಾಕಿಗಳಿಗೆ ಸುಳ್ಳು ಹೇಳುತ್ತ ಕೂರುವುದೇ ಕೆಲಸವಾಯಿತು. ಡಾರ್ಕ್ ರೂಮಿನಲ್ಲಿ ಹೆಂಡತಿ ಉಪ್ಪಿನಕಾಯಿ ಭರಣಿ ಇಟ್ಟಳು. ಕತ್ತಲಲ್ಲಿ ಕೆಡುವುದಿಲ್ಲವಂತೆ. ಮುಂದೆ ಕಂಪ್ಯೂಟರ್ ಬಂತು. ಅದರಲ್ಲಿ ಎರಡು ಸಲ ಒತ್ತಿದರೆ ಕಣ್ಣು ತೆರೆಯುತ್ತದೆ ಎಂದು ಹುಡುಗರು ತೋರಿಸಿದಾಗ, ಬ್ರಷ್ಷಿನ ಕೈ ಎಲ್ಲಿ, ಇಲಿ ಹಿಡಿದ ಕೈ ಎಲ್ಲಿ ಎಂದು ಮೂಗು ಮುರಿದೆ. ಕುಣಿಯಲಾರದವಳು ನೆಲ ಡೊಂಕು ಎಂದಂತೆ. ನನಗೆ ಆ ಮೌಸ್ ಹಿಡಿಯಲೇ ಬರುತ್ತಿರಲಿಲ್ಲ.

ಅಂಥ ದಿನಗಳಲ್ಲಿ, ಮುತ್ಯಾ ಹೋಗಿ ಹನ್ನೆರಡು ವರ್ಷವಾದ ಮೇಲೆ, ಶರಣಪ್ಪ ನನ್ನ ಸ್ಟುಡಿಯೋ ಹುಡುಕಿಕೊಂಡು ಬಂದ.

"ಸರ್, ಆಯಿ ಕರೀಲಿಕ್ಕೆ ಕಳಿಸ್ಯಾಳ್ರಿ. ಖಂಡ್ಯಾನ ಫೋಟೋ ಆಗಬೇಕಂತ."

"ಹುಮನಾಬಾದಿನಾಗ ಫೋಟೋದವರು ಯಾರೂ ಇಲ್ಲೇನು?"

"ಅದಾರ್ರಿ. ಆದ್ರ ಅಪ್ಪನ ಫೋಟೋ ನೀವು ತೆಗದೀರಲ್ಲ. ಅವರೇ ಬೇಕು ಅಂತ ಹಟ ಹಿಡದಾಳ. ಖಂಡ್ಯಾ ಅನ್ನ ಬಿಟ್ಟು ನಾಕು ದಿನ ಆತು."

ಎದೆ ಉಬ್ಬಿಸಿಕೊಂಡು ಹೋದೆ. ಖಂಡ್ಯಾ ಪಡಸಾಲೆಯ ಬಾಗಿಲ ಬಳಿ ಗೋಣಿತಟ್ಟಿನ ಮೇಲೆ ಮಲಗಿದ್ದ. ಕಂದು ಮೈ ಬೂದಿಯಾಗಿತ್ತು. ಪಕ್ಕೆಲುಬು ಎಣಿಸಬಹುದಿತ್ತು. ಆಯಿ ಪಕ್ಕದಲ್ಲಿ ಕೂತು ಒದ್ದೆ ಬಟ್ಟೆಯಿಂದ ಅವನ ಬಾಯಿ ಒರೆಸುತ್ತಿದ್ದಳು. ಪಶು ಆಸ್ಪತ್ರೆಯವರು ಬಂದು ನೋಡಿ, ವಯಸ್ಸಾಗಿದೆ, ಇನ್ನು ಕಾಡಬೇಡಿ ಎಂದು ಹೇಳಿ ಹೋಗಿದ್ದರು.

"ಬಾ ತಮ್ಮಾ, ಕುಂಡ್ರು," ಎಂದಳು ಆಯಿ. "ನಾ ಇವನಿಗಿ ಬಿಡವಲ್ಲೆ, ಅದಕ್ಕೇ ಇಂವ ಹೋಗವಲ್ಲ. ದಿನಾ ತ್ರಾಸ ತೊಗೊಳ್ಳಾಕತ್ತಾನ. ನಮ್ಮವರು ತಂದ ಜೀವ ಇದು. ಇವನ ಮಾರಿ ಒಂದು ಮನ್ಯಾಗ ಉಳೀತಂದ್ರ ನಾ ಹೋಗು ಅಂತೀನಿ. ಲಗೂನ ತಂದು ಕೊಡು."

ನಾನು ದೀಪ, ಬೆಳಕು ಹರಡುವ ಛತ್ರಿ ಎಲ್ಲ ನಿಲ್ಲಿಸಿದೆ. ಖಂಡ್ಯಾ ಕಣ್ಣು ತೆರೆಯಲಿಲ್ಲ. ಬೀಗದ ಕೈ ಗೊಂಚಲು ಅಲ್ಲಾಡಿಸಿದೆ. ರೊಟ್ಟಿ ತೋರಿಸಿದೆ. ಬೆಕ್ಕಿನಂತೆ ಕೂಗಿದೆ. ಕೊನೆಗೆ ಮೊಣಕಾಲೂರಿ ಕೂತು ನಾನೇ ಬೊಗಳಿದೆ. ಬೀದಿಯಲ್ಲಿ ಎರಡು ನಾಯಿ ಉತ್ತರ ಕೊಟ್ಟವು, ಖಂಡ್ಯಾ ಕಿವಿಯನ್ನೂ ಆಡಿಸಲಿಲ್ಲ.

"ಸಾಕು ಮಾಡಪ್ಪಾ," ಎಂದಳು ಆಯಿ. "ಕಣ್ಣಾಗ ಹೂ ಬಿದ್ದಾವ, ಅವನಿಗೇನೂ ಕಾಣಂಗಿಲ್ಲ. ಇದ್ದಂಗ ತೆಗಿ."

ಇದ್ದಂಗೆ ತೆಗಿ ಎಂದು ಅವಳು ಸ್ಪಷ್ಟವಾಗಿಯೇ ಹೇಳಿದ್ದಳು. ಆದರೆ ನಾನು ಕಲಾವಿದನಲ್ಲವೇ? ಕಣ್ಣು ಮುಚ್ಚಿದ ಫೋಟೋ ಕೊಟ್ಟರೆ ನನ್ನ ಹೆಸರೇನಾಗಬೇಕು? ಪ್ರಿಂಟು ಬಂದ ಕೂಡಲೇ ಸಂದೂಕದಿಂದ ಹಳೆಯ ಬ್ರಷ್ಷು ತೆಗೆದೆ. ಕೈ ಮರೆತಿರಲಿಲ್ಲ. ಬಿಳಿಗುಡ್ಡೆ, ಕರಿಗುಡ್ಡೆ, ಮೇಲೊಂದು ಬೆಳಕಿನ ಚುಕ್ಕೆ. ನಾಯಿಯ ಕಣ್ಣಿನಲ್ಲಿ ಬಿಳಿ ಅಷ್ಟು ಕಾಣುವುದಿಲ್ಲ ಎಂಬುದು ಆ ಹೊತ್ತಿಗೆ ನೆನಪಾಗಲಿಲ್ಲ. ಹೆಂಡತಿಗೆ ತೋರಿಸಿದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. "ಸಾರಿನಾಗ ಉಪ್ಪು ಹೆಚ್ಚಾದಾಗ ನೀವು ನನ್ನ ನೋಡ್ತೀರಲ್ಲ, ಹಂಗ ನೋಡಾಕತ್ತದ ಇದು" ಎಂದಳು. ಇವಳಿಗೇನು ಗೊತ್ತು ಕಲೆ ಎಂದು ಚೌಕಟ್ಟು ಹಾಕಿಸಿ ಹುಮನಾಬಾದಿನ ಬಸ್ಸು ಹತ್ತಿದೆ.

ಖಂಡ್ಯಾ ಇನ್ನೂ ಇದ್ದ. ಉಸಿರು ಎಳೆದಾಗಲೆಲ್ಲ ಮೈ ಪೂರಾ ಅಲುಗುತ್ತಿತ್ತು. ಆಯಿ ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಮೆಚ್ಚುಗೆಗೆ ಕಾಯುತ್ತ ನಾನು ತಲೆಯನ್ನು ಸವರಲು ಅನುಕೂಲವಾಗುವಷ್ಟು ಬಗ್ಗಿಸಿ ಕೂತಿದ್ದೆ. ಅವಳು ತಲೆಯೆತ್ತಿ ಗೋಡೆಯ ಮೇಲಿನ ಮುತ್ಯಾನ ಫೋಟೋ ನೋಡಿದಳು. ಮತ್ತೆ ಕೆಳಗೆ ನೋಡಿದಳು. ಆಮೇಲೆ ನನ್ನ ಕಡೆಗೆ ತಿರುಗಿದಳು.

"ತಮ್ಮಾ, ಮಾರಿ ಮ್ಯಾಲ ಮಾಡು."

ಮಾಡಿದೆ.

"ಚಷ್ಮಾ ತೆಗಿ."

ತೆಗೆದೆ.

"ಈ ಕಣ್ಣು ಖಂಡ್ಯಾನವಲ್ಲ," ಎಂದಳು ಮೆಲ್ಲಗೆ. "ಗ್ವಾಡಿ ಮ್ಯಾಲಿನವು ನಮ್ಮವರ ಕಣ್ಣೂ ಅಲ್ಲ. ಎಲ್ಲಾ ನಿನ್ನವು."

ಶರಣಪ್ಪ ಬಗ್ಗಿ ನೋಡಿದ. ಅವನಿಗೆ ನಗು ತಡೆಯಲಾಗಲಿಲ್ಲ. ಆಯಿಯೂ ನಕ್ಕಳು, ನಗುತ್ತಾ ನಗುತ್ತಾ ಸೆರಗು ಕಣ್ಣಿಗೆ ಹೋಯಿತು. "ಹನ್ನೆರಡು ವರ್ಷ ಆತಲ್ಲೋ! ದಿನಾ ಮುಂಜಾನಿ ಎದ್ದು ಊದಿನಕಡ್ಡಿ ಬೆಳಗಿದ್ದು ನಿನಗೇನು? ಮನೀದು, ಮಕ್ಕಳದು, ಎಲ್ಲಾ ಸಂಕಟ ನಿನ್ನ ಮುಂದ ಹೇಳ್ಕೊಂಡೆನೇನು? ಅವರ ಕಣ್ಣು ಹ್ಯಾಂಗಿದ್ವು ಅಂತ ನನಗ ಈಗ ನೆನಪೇ ಬರವಲ್ದು."

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಕೊಡಂಬಲದಿಂದ ರಾಜೇಶ್ವರದ ತನಕ ಎಷ್ಟು ಮನೆಗಳ ಗೋಡೆಯ ಮೇಲೆ ನಾನು ಹಾರ ಹಾಕಿಸಿಕೊಂಡು ಕೂತಿರಬಹುದು! ಎಷ್ಟು ಸೊಸೆಯಂದಿರು ನನಗೆ ಮಂಗಳಾರತಿ ಎತ್ತಿರಬಹುದು! ಆ ಕ್ಷಣದಲ್ಲಿ ನನಗೆ ನಗು ಬರಲಿಲ್ಲ. ಒಬ್ಬ ಹೆಂಗಸಿನಿಂದ ಅವಳ ಗಂಡನ ನೋಟವನ್ನು ನಾನು ಕಸಿದುಕೊಂಡಿದ್ದೆ, ಅದೂ ಬರೀ ಸೋಮಾರಿತನಕ್ಕೆ. ಈಗ ನಾಯಿಯದ್ದನ್ನೂ ಕಸಿಯಲು ಹೊರಟಿದ್ದೆ.

"ಆಯಿ, ನಾಳಿಗಿ ಬರ್ತೀನ್ರಿ" ಎಂದೆ.

"ಅಂವ ನಾಳಿ ತನಕ ತಡದ್ರ ಬಾ" ಎಂದಳು.

ಬಸವಕಲ್ಯಾಣಕ್ಕೆ ಬಂದವನೇ ಹಳೆಯ ನೆಗೆಟಿವ್ ಇಟ್ಟ ಬಿಸ್ಕಿಟ್ ಡಬ್ಬಿಗಳನ್ನೆಲ್ಲ ಕೆಳಗಿಳಿಸಿದೆ. ನಾನು ತೆಗೆದವನ್ನು ಉಸ್ತಾದರು ನನಗೇ ಕೊಟ್ಟು ಕಳಿಸಿದ್ದರು. ಸಂಜೆಯೊಳಗೆ ಮುತ್ಯಾನದು ಸಿಕ್ಕಿತು. ಡಾರ್ಕ್ ರೂಮಿನಿಂದ ಭರಣಿಗಳನ್ನು ಹೊರಗಿಟ್ಟೆ. ಅಂಗಡಿಯ ಮೂಲೆಯಲ್ಲಿ ಉಳಿದಿದ್ದ, ಕಪ್ಪುಬಿಳುಪು ಪ್ರಿಂಟು ಹಾಕುವ ಕೊನೆಯ ಬ್ರೋಮೈಡ್ ಪೇಪರಿನ ಕಟ್ಟು ತೆಗೆದೆ. ಹಳತಾಗಿ ಅಂಚು ಬೂದಿಬಣ್ಣಕ್ಕೆ ತಿರುಗಿತ್ತು. ಈ ಸಲ ಏನನ್ನೂ ಕತ್ತರಿಸದೆ ಇಡೀ ನೆಗೆಟಿವನ್ನೇ ಪೇಪರಿನ ಮೇಲೆ ಬಿಟ್ಟೆ.

ಕೆಂಪು ದೀಪದಲ್ಲಿ ಟ್ರೇ ಅಲುಗಿಸುತ್ತ ನಿಂತೆ. ಮೊದಲು ರುಮಾಲು ಮೂಡಿತು. ಆಮೇಲೆ ಮುತ್ಯಾನ ಮುಖ, ಮುಚ್ಚಿದ ಕಣ್ಣು. ಕೊನೆಗೆ ಮೊಣಕಾಲ ಮೇಲೆ ಗದ್ದ ಇಟ್ಟ ಖಂಡ್ಯಾ. ನಾನು ಮಡಿಕೆ ಮಾಡಿದ್ದ ಕಿವಿ ನೆಟ್ಟಗೆ ನಿಂತಿತ್ತು. ಸುತ್ತ ಇದ್ದವರೆಲ್ಲ ಅಳುತ್ತ ತಲೆ ತಗ್ಗಿಸಿದ್ದರು, ಸತ್ತವರ ಕಣ್ಣು ಮುಚ್ಚಿತ್ತು. ಅಷ್ಟು ಜನರಲ್ಲಿ ಕಣ್ಣು ಬಿಟ್ಟು ನೋಡುತ್ತಿದ್ದವನು ಅವನೊಬ್ಬನೇ. ಕತ್ತೆತ್ತಿ ಮುತ್ಯಾನ ಮುಖವನ್ನೇ ನೋಡುತ್ತಿದ್ದ, ಈಗ ಏಳುತ್ತಾರೆ ಎಂಬಂತೆ. ಮೂವತ್ತು ವರ್ಷದ ದಂಧೆಯಲ್ಲಿ ನಾನು ತೆಗೆದ ಒಂದೇ ಒಂದು ಒಳ್ಳೆಯ ಫೋಟೋ ಅದು, ಮತ್ತು ಅದನ್ನು ತೆಗೆಯಬಾರದೆಂದು ಮೂರು ಸಲ ಹಚಾ ಎಂದವನು ನಾನೇ. ಡಾರ್ಕ್ ರೂಮಿನಲ್ಲಿ ಒಬ್ಬನೇ ನಿಂತು ಅತ್ತೆ. ಹೆಂಡತಿ ಬಾಗಿಲ ಆಚೆಯಿಂದ, "ಹೈಪೋ ಕಣ್ಣಿಗಿ ಹಾರ್ತೇನು?" ಎಂದು ಕೇಳಿದಳು. ಪ್ರಿಂಟು ತೊಳೆಯುವ ಆ ಔಷಧದ ಮೇಲೆ ತಪ್ಪು ಹೊರಿಸಿ ಹೌದೆಂದೆ.

ಮರುದಿನ ಮೊದಲ ಬಸ್ಸಿಗೆ ಹೋದೆ. ಖಂಡ್ಯಾ ತಡೆದಿದ್ದ, ಆದರೆ ನೀರೂ ಒಳಗೆ ಹೋಗುತ್ತಿರಲಿಲ್ಲ. ಚೌಕಟ್ಟಿಲ್ಲದ ಪ್ರಿಂಟನ್ನು ಆಯಿಯ ಕೈಗೆ ಕೊಟ್ಟೆ. ಅವಳು ಮುತ್ಯಾನ ಮುಚ್ಚಿದ ರೆಪ್ಪೆಯ ಮೇಲೆ ಬೆರಳು ಇಟ್ಟಳು.

"ಹಿಂಗೇ ಮಲಗ್ತಿದ್ರು," ಎಂದಳು. "ಊಟ ಆದ ಮ್ಯಾಲ ಪಡಸಾಲ್ಯಾಗ ಹಿಂಗೇ ಒರಗ್ತಿದ್ರು. ಇದು ನಮ್ಮವರು." ಆಮೇಲೆ ಕೆಳಗೆ ಕಣ್ಣು ಹೋಯಿತು. "ಅಯ್ಯ ನನ್ನಪ್ಪಾ. ನೀನೂ ಇದ್ದೇನು ಅವತ್ತ?"

ಪ್ರಿಂಟನ್ನು ಖಂಡ್ಯಾನ ಮೂಗಿನ ಹತ್ತಿರ ಹಿಡಿದಳು. ಕಾಣದಿದ್ದರೂ ವಾಸನೆಯಾದರೂ ಹಿಡಿಯಲಿ ಎಂದಿರಬೇಕು. ಅದರಲ್ಲಿ ಇದ್ದದ್ದು ಹೈಪೋ ವಾಸನೆ, ಜೊತೆಗೆ ಒಂದಿಷ್ಟು ಉಪ್ಪಿನಕಾಯಿ. ಖಂಡ್ಯಾ ಒಂದು ಸಲ ಮೂಸಿ ಮುಖ ತಿರುಗಿಸಿದ. ನನ್ನ ಕೆಲಸಕ್ಕೆ ಸಿಕ್ಕ ಅತ್ಯಂತ ಪ್ರಾಮಾಣಿಕ ವಿಮರ್ಶೆ ಅದು. ಆಯಿಯೂ ನಕ್ಕಳು. ಪ್ರಿಂಟನ್ನು ಪಕ್ಕಕ್ಕಿಟ್ಟು, ಅವನ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡು, ಬೆರಳು ಅದ್ದಿ ತುಟಿಗೆ ನೀರು ಸವರಿದಳು.

"ಮಾರಿ ಸಿಕ್ತು ನೋಡಪ್ಪಾ, ಇನ್ನ ಹೋಗು. ನಾ ಸಿಟ್ಟಾಗಂಗಿಲ್ಲ. ಅವರ ಮೊಣಕಾಲ ಹತ್ರ ಹೋಗಿ ಕುಂಡ್ರು. ನಾ ಹಿಂದಿಂದ ಬರ್ತೀನಿ."

ಊಟದ ಹೊತ್ತಿಗೆ ಉಸಿರು ನಿಂತಿತು. ಶರಣಪ್ಪ ನನ್ನ ಹೆಗಲು ನೋಡಿ, "ಸರ್, ಕ್ಯಾಮೆರಾ?" ಎಂದ. ಆಗಲೇ ನನಗೂ ಗೊತ್ತಾದದ್ದು, ಅವಸರದಲ್ಲಿ ಕ್ಯಾಮೆರಾ ಬಿಟ್ಟು ಬಂದಿದ್ದೆ. ಫೋಟೋದವನು ಕ್ಯಾಮೆರಾ ಇಲ್ಲದೆ ಸಾವಿನ ಮನೆಗೆ ಹೋದದ್ದು ನಮ್ಮ ಜಿಲ್ಲೆಯಲ್ಲಿ ಅದೇ ಮೊದಲಿರಬೇಕು. ಕೈ ಖಾಲಿ ಇದ್ದದ್ದರಿಂದ ಹಿತ್ತಿಲಲ್ಲಿ ಬೇವಿನ ಬುಡಕ್ಕೆ ಶರಣಪ್ಪನ ಜೊತೆ ಗುಂಡಿ ತೋಡಿದೆ. ಆಯಿ ಒಂದು ಹಳೆಯ ಟಾವೆಲ್ ತಂದು ಕೊಟ್ಟಳು, ಅದರಲ್ಲೇ ಸುತ್ತಿ ಇಳಿಸಿದೆವು.

ಹೊರಡುವಾಗ ಆಯಿ ಗೋಡೆಯ ಮೇಲಿನ ಹಳೆಯ ಫೋಟೋ ಮತ್ತು ನಾನು ಕಣ್ಣು ಬರೆದ ಖಂಡ್ಯಾನ ಫೋಟೋ ಎರಡನ್ನೂ ನನ್ನ ಕೈಗಿತ್ತಳು. "ಇವು ನಿನ್ನವು, ನಿನ್ನ ಮನ್ಯಾಗ ಹಾಕ್ಕೋ." ಈಗಲೂ ನಮ್ಮ ಮನೆಯಲ್ಲಿವೆ. ಕಲಿಯಲು ಬಂದ ಹುಡುಗರಿಗೆ ಹೆಂಡತಿ ತೋರಿಸಿ, "ಇವರ ಅಣ್ಣಾರು, ಇವರ ತಮ್ಮಾರು" ಎಂದು ಪರಿಚಯ ಮಾಡಿಕೊಡುತ್ತಾಳೆ. ಆಮೇಲೆ ನಾನು ಯಾರ ಕಣ್ಣನ್ನೂ ತೆರೆಸಲಿಲ್ಲ. ಗಿರಾಕಿಗಳು ಕಂಪ್ಯೂಟರಿನವರ ಹತ್ತಿರ ಹೋದರು, ಹೋಗಲಿ.

ಮೂರು ವರ್ಷದ ನಂತರ ಶರಣಪ್ಪನ ಫೋನು ಬಂತು. ಈ ಸಲ ಕ್ಯಾಮೆರಾ ಮರೆಯಲಿಲ್ಲ. ಅದೇ ಪಡಸಾಲೆಯಲ್ಲಿ, ಅದೇ ಗೋಡೆಗೆ ಆಯಿಯನ್ನು ಒರಗಿಸಿ ಕೂರಿಸಿದ್ದರು. ಮೇಲೆ ಆ ಬೂದಿ ಅಂಚಿನ ಫೋಟೋ ಚೌಕಟ್ಟಿನಲ್ಲಿತ್ತು. ಕಣ್ಣಿಗೆ ಕ್ಯಾಮೆರಾ ಇಟ್ಟವನು ಹಳೆಯ ರೂಢಿಯಿಂದ ಮೊದಲು ಅವಳ ಕಾಲ ಬಳಿ ನೋಡಿದೆ, ಓಡಿಸಬೇಕಾದ ನಾಯಿ ಏನಾದರೂ ಇದೆಯೇ ಎಂದು. ಇರಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು, ಅವಳ ಮೊಣಕಾಲ ಪಕ್ಕ ಒಂದು ನಾಯಿ ಕೂರುವಷ್ಟು ಜಾಗ ಬಿಟ್ಟು ಒತ್ತಿದೆ.